ಮೇ ತಿಂಗಳಲ್ಲಾದರೂ ಕಪಾಟಿನ ಬೀಗ ತೆಗೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನನ್ನ ಮೊಮ್ಮಗಳ ಮೂರನೇ ತರಗತಿ ಪರೀಕ್ಷೆ ಮುಗಿಯಿತು. ಮನೆಗೆ ಬಂದವಳೇ ಶಾಲೆಯ ಚೀಲವನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. "ಅಜ್ಜ, ಇನ್ನು ಜೂನ್ ತನಕ ಪುಸ್ತಕ ಮುಟ್ಟಲಿಕ್ಕಿಲ್ಲ" ಎಂದಳು. ನಾನು ಬೈಯಲಿಲ್ಲ. ಆ ಚೀಲದಲ್ಲಿ ಇದ್ದದ್ದು ಪಾಠಪುಸ್ತಕ. ಒಂದೂವರೆ ತಿಂಗಳು ಅದನ್ನು ಮುಟ್ಟದಿದ್ದರೆ ಏನೂ ಆಗುವುದಿಲ್ಲ. ಆದರೆ "ಪುಸ್ತಕ" ಎಂದಾಗ ಆ ಮಗುವಿನ ಮನಸ್ಸಿಗೆ ಬಂದದ್ದು ಅದೊಂದೇ ಚೀಲ. ಅದು ನನ್ನನ್ನು ರಾತ್ರಿ ಮಲಗಿದ ಮೇಲೂ ಕಾಡಿತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಇರುವವನು. ವಯಸ್ಸು 69. ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದು ನಿವೃತ್ತನಾದೆ. ಶಿಕ್ಷಕನಲ್ಲ, ಬರಹಗಾರನೂ ಅಲ್ಲ. ಪತ್ರ ಸ್ವಲ್ಪ ಉದ್ದ ಆಗಬಹುದು. ಜಾಗ ಸಾಲದಿದ್ದರೆ ನನ್ನ ಹಳೆಯ ಕತೆಯನ್ನು ಕತ್ತರಿಸಿ, ಆದರೆ ನಮ್ಮ ಕನ್ನಡ ಸಂಘಗಳು ಮಕ್ಕಳ ಪುಸ್ತಕದ ಕಪಾಟನ್ನು ರಜೆಯಲ್ಲಿ ತೆರೆದಿಡಲಿ ಎಂದು ಕೊನೆಯಲ್ಲಿ ಇರುವ ಬೇಡಿಕೆಯನ್ನು ಮಾತ್ರ ದಯವಿಟ್ಟು ಉಳಿಸಿ.

1968ರಲ್ಲಿ ನಾನು ಮುಂಬಯಿಗೆ ಬಂದಾಗ ನನಗೆ 12 ವರ್ಷ. ಕುಂದಾಪುರದ ಹತ್ತಿರದ ಒಂದು ಹಳ್ಳಿಯವನು. ಐದನೇ ತರಗತಿಗೆ ಶಾಲೆ ಬಿಟ್ಟಿದ್ದೆ. ಫೋರ್ಟಿನ ಒಂದು ಹೋಟೆಲಿನಲ್ಲಿ ಮೊದಲು ಲೋಟ ತೊಳೆದೆ, ಆಮೇಲೆ ಟೇಬಲ್ ಒರೆಸಿದೆ. ಆಗ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲು ಹೋಟೆಲಿನಲ್ಲಿ, ಕ್ಯಾಂಟೀನಿನಲ್ಲಿ ದುಡಿಯುವ ನಮ್ಮಂಥ ಹುಡುಗರು ಸಂಜೆ ಕೈಕಾಲು ತೊಳೆದುಕೊಂಡು ಅಲ್ಲಿಗೆ ಓಡುತ್ತಿದ್ದೆವು. ನಿದ್ದೆ ಎಳೆಯುತ್ತಿತ್ತು. ಬೆರಳುಗಳಲ್ಲಿ ಸೋಡಾ ಪುಡಿಯ ವಾಸನೆ ಇರುತ್ತಿತ್ತು. ಆದರೂ ಓದುತ್ತಿದ್ದೆವು. ಆ ಶಾಲೆಗಳು ಇಲ್ಲದಿದ್ದರೆ ನನ್ನಂಥವರು ಎಷ್ಟೋ ಜನ ಈವತ್ತಿಗೂ ಹೆಬ್ಬೆಟ್ಟು ಒತ್ತುತ್ತಿದ್ದೆವು.

ಏಪ್ರಿಲ್ ಕೊನೆಗೆ ರಾತ್ರಿ ಶಾಲೆಗೂ ರಜೆ. ಮೊದಲ ವರ್ಷದ ರಜೆಯಲ್ಲಿ ನಾನು ಒಂದು ಅಕ್ಷರವನ್ನೂ ನೋಡಲಿಲ್ಲ. ನೋಡಲಿಕ್ಕೆ ಏನೂ ಇರಲಿಲ್ಲ. ಜೂನ್‌ನಲ್ಲಿ ಶಾಲೆ ತೆರೆಯಿತು. ಮೇಷ್ಟ್ರು ಎದ್ದು ನಿಂತು ಓದು ಎಂದರು. "ಸ್ವಾತಂತ್ರ್ಯ" ಎಂಬ ಶಬ್ದ ಬಂತು. ಏಪ್ರಿಲ್‌ನಲ್ಲಿ ನಾನು ಅದನ್ನು ಸಲೀಸಾಗಿ ಓದಿದ್ದೆ. ಈಗ ಆ ಒತ್ತಕ್ಷರಗಳ ಮುಂದೆ ನಾಲಗೆ ನಿಂತೇಹೋಯಿತು. ಹಿಂದೆ ಕೂತ ಹುಡುಗರು ನಗಲಿಲ್ಲ, ಯಾಕೆಂದರೆ ಅವರ ಸ್ಥಿತಿಯೂ ಅದೇ. ಮೇಷ್ಟ್ರು ಹೊಡೆಯಲಿಲ್ಲ. "ರಜೆಯಲ್ಲಿ ಏನು ಓದಿದೆ?" ಎಂದು ಕೇಳಿದರು. "ಓದಲಿಕ್ಕೆ ಏನಿತ್ತು ಸರ್?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮ್ಮ ಹೋಟೆಲಿನಲ್ಲಿ ವಡೆ ಕಟ್ಟಿ ಕೊಡುವ ಕಾಗದ ಯಾವ ಭಾಷೆಯದ್ದು?" ಎಂದು ಕೇಳಿದರು.

ಕನ್ನಡದ್ದೇ ಇತ್ತು! ಹೋಟೆಲಿಗೆ ಬರುವ ಕನ್ನಡ ಪತ್ರಿಕೆ, ವಾರಪತ್ರಿಕೆಗಳನ್ನು ಗಲ್ಲಾದಲ್ಲಿ ಕೂರುವವರು ಒಟ್ಟು ಮಾಡಿಡುತ್ತಿದ್ದರು. ಅದೇ ಪಾರ್ಸೆಲ್ ಕಟ್ಟುವ ಕಾಗದ. ಮುಂದಿನ ವರ್ಷದ ಮೇ ತಿಂಗಳಲ್ಲಿ ನಾನು ಅದನ್ನೆಲ್ಲ ಓದಿದೆ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಗಿರಾಕಿ ಕಮ್ಮಿ. ಆ ಹೊತ್ತಿಗೆ ಮೆಟ್ಟಿಲ ಕೆಳಗೆ, ಈರುಳ್ಳಿ ಗೋಣಿಯ ಮೇಲೆ ಕೂತು ಓದುತ್ತಿದ್ದೆ. ಒಂದು ಧಾರಾವಾಹಿಯ ಏಳನೇ ಕಂತು ಸಿಕ್ಕಿತು, ಒಂಬತ್ತನೆಯದೂ ಸಿಕ್ಕಿತು. ಎಂಟನೆಯದು ಯಾರದ್ದೋ ವಡೆಯ ಜೊತೆ ಹೋಗಿಬಿಟ್ಟಿತ್ತು. ಆ ಎಂಟನೇ ಕಂತಿನಲ್ಲಿ ಏನಾಗಿರಬಹುದು ಎಂದು ನಾನು ವಾರಗಟ್ಟಲೆ ಯೋಚಿಸಿದೆ. ರಾತ್ರಿ ಟೇಬಲ್‌ಗಳನ್ನು ಜೋಡಿಸಿ ಮಲಗುವಾಗ ಪಕ್ಕದ ಹುಡುಗನಿಗೆ ಅದನ್ನು ದಿನಕ್ಕೊಂದು ಥರ ಹೇಳುತ್ತಿದ್ದೆ. ಆ ಜೂನ್‌ನಲ್ಲಿ ಮೇಷ್ಟ್ರು ಓದು ಎಂದಾಗ ನಾನು ಪುಟ ಮುಗಿಯುವ ತನಕ ನಿಲ್ಲಲಿಲ್ಲ.

ಯಾರೂ ನನಗೆ ಓದು ಎಂದು ಹೇಳಿರಲಿಲ್ಲ, ಓದಿದ್ದನ್ನು ಒಪ್ಪಿಸು ಎಂದೂ ಕೇಳಲಿಲ್ಲ. ಕಾಗದ ಕೈಗೆ ಸಿಗುವ ಹಾಗೆ ಇತ್ತು, ಅಷ್ಟೇ. ಇದನ್ನು ನಾನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಮುಂದೆ ನನ್ನ ಮಗನ ವಿಷಯದಲ್ಲಿ ನಾನು ಇದಕ್ಕೆ ಸರಿಯಾಗಿ ಉಲ್ಟಾ ಮಾಡಿದೆ.

ಮಗನಿಗೆ ಎಂಟು ವರ್ಷ ಆದಾಗ, ಅಂದರೆ 1993ರ ರಜೆಯಲ್ಲಿ, ನಾನು ಮಾಟುಂಗಾಕ್ಕೆ ಹೋಗಿ ಅವನಿಗಾಗಿ ಹತ್ತು ಕನ್ನಡ ಪುಸ್ತಕ ತಂದೆ. ಎಲ್ಲ ನಾನೇ ಆರಿಸಿದ್ದು. ಎಲ್ಲ ಒಳ್ಳೆಯ ಪುಸ್ತಕಗಳೇ. ಜೊತೆಗೆ ಒಂದು 100 ಪುಟದ ನೋಟ್‌ಬುಕ್ಕೂ ತಂದೆ. ದಿನಕ್ಕೊಂದು ಕತೆ ಓದಬೇಕು, ನೋಟ್‌ಬುಕ್ಕಿನಲ್ಲಿ ಹತ್ತು ಸಾಲು ಸಾರಾಂಶ ಬರೆಯಬೇಕು, ನಾನು ಬ್ಯಾಂಕಿನಿಂದ ಬಂದ ಮೇಲೆ ತೋರಿಸಬೇಕು ಎಂದು ಹೇಳಿದೆ. ತಪ್ಪಿದ್ದಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ಒಂದು ವಾರ ನಡೆಯಿತು. ಎರಡನೇ ವಾರ ನಾನು ಬರುವ ಹೊತ್ತಿಗೆ ಅವನು ಮಲಗಿರುತ್ತಿದ್ದ. ಮಲಗಿದ ಹಾಗೆ ನಟಿಸುತ್ತಿದ್ದ ಎಂದು ನನಗೆ ಆಗಲೇ ಗೊತ್ತಿತ್ತು. ಮೂರನೇ ವಾರ ನೋಟ್‌ಬುಕ್ಕು ಕಾಣೆಯಾಯಿತು. ಆಮೇಲೆ ಅವನು ಕನ್ನಡ ಪುಸ್ತಕವನ್ನು ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಕೆಲಸದಲ್ಲಿ ಇದ್ದಾನೆ, ನಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಆದರೆ ನನ್ನ ಕೈಯಾರೆ ನಾನು ಅವನ ಒಂದು ಬಾಗಿಲು ಮುಚ್ಚಿದೆ. ಈ ನೋವು ನನಗೆ ಕಡೆಯ ತನಕ ಇರುತ್ತದೆ.

ಹಾಗಾಗಿ ತಂದೆ ತಾಯಿಯರಲ್ಲಿ ನನ್ನ ವಿನಂತಿ ಒಂದೇ. ಈ ರಜೆಯಲ್ಲಿ ಮಗು ಏನು ಓದಬೇಕು ಎಂದು ಮಗುವೇ ಆರಿಸಲಿ. ಓದಿದ ಮೇಲೆ ಏನೂ ಕೇಳಬೇಡಿ. ನೀತಿ ಏನು, ಮುಖ್ಯ ಪಾತ್ರ ಯಾವುದು, ಎಷ್ಟು ಪುಟ ಆಯಿತು, ಒಂದನ್ನೂ ಕೇಳಬೇಡಿ. ಹೇಳಬೇಕು ಅನಿಸಿದರೆ ಮಕ್ಕಳು ತಾವಾಗಿ ಬಂದು ಹೇಳುತ್ತಾರೆ. ಆಗ ಕೈಯಲ್ಲಿರುವ ಮೊಬೈಲ್ ಪಕ್ಕಕ್ಕಿಟ್ಟು ಕೇಳಿ.

ಇದು ಬರೀ ನನ್ನ ಅನುಭವದ ಮಾತು ಅಲ್ಲ. ನನ್ನ ಸೊಸೆ ಶಾಲೆಯಲ್ಲಿ ಕಲಿಸುತ್ತಾಳೆ. ಅಮೆರಿಕದ ಫ್ಲೋರಿಡಾದಲ್ಲಿ ನಡೆದ ಒಂದು ಅಧ್ಯಯನದ ಬಗ್ಗೆ ಅವಳು ನನಗೆ ಓದಿ ಹೇಳಿದಳು. ಅದು ಪ್ರಕಟ ಆದದ್ದು 2010ರಲ್ಲಿ. ಬಡ ಮನೆಗಳಿಂದ ಬರುವ ಸಣ್ಣ ಮಕ್ಕಳಿಗೆ ರಜೆಗೆ ಮೊದಲು ಪುಸ್ತಕ ಸಂತೆ ಇಟ್ಟು, ತಲಾ 12 ಪುಸ್ತಕ ಆರಿಸಿಕೊಳ್ಳಿ ಎಂದರಂತೆ. ಹೀಗೆ ಸಾಲಾಗಿ ಮೂರು ಬೇಸಿಗೆ. ಪಾಠ ಇಲ್ಲ, ಪರೀಕ್ಷೆ ಇಲ್ಲ. ಪುಸ್ತಕ ಮಕ್ಕಳದ್ದೇ, ವಾಪಸು ಕೊಡುವುದೂ ಬೇಡ. ಮೂರು ವರ್ಷದ ನಂತರ ನೋಡಿದರೆ, ಪುಸ್ತಕ ಸಿಕ್ಕ ಮಕ್ಕಳು ಸಿಗದ ಮಕ್ಕಳಿಗಿಂತ ಓದಿನಲ್ಲಿ ಮುಂದೆ ಇದ್ದರು. ಅದರಲ್ಲೂ ತೀರಾ ಬಡ ಮನೆಯ ಮಕ್ಕಳಿಗೆ ಜಾಸ್ತಿ ಪ್ರಯೋಜನ ಆಗಿತ್ತು. ಅಲ್ಲಿಯ ರಜೆ ನಮ್ಮದಕ್ಕಿಂತ ಉದ್ದ, ನಿಜ. ಆದರೆ ನಮ್ಮಲ್ಲಿ ಒಂದೂವರೆ ತಿಂಗಳಿಗೇ ನಾನು "ಸ್ವಾತಂತ್ರ್ಯ"ದ ಮುಂದೆ ನಿಂತುಹೋಗಿದ್ದೆನಲ್ಲ.

ನಮ್ಮ ದೇಶದ ಲೆಕ್ಕವೂ ಇದೆ. ಮುಂಬಯಿಯಲ್ಲೇ 1995ರಲ್ಲಿ ಶುರುವಾದ ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿ ಹಳ್ಳಿಯ ಮನೆಗಳಿಗೆ ಹೋಗಿ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರೆ. ಅವರ 2024ರ ವರದಿಯ ಪ್ರಕಾರ, ಸರ್ಕಾರಿ ಶಾಲೆಯ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಅರ್ಧಕ್ಕಿಂತ ಕಮ್ಮಿ. ನಗರದ ನಾವು ಇದು ನಮ್ಮ ಮಕ್ಕಳ ವಿಷಯ ಅಲ್ಲ ಎಂದುಕೊಳ್ಳುತ್ತೇವೆ. ನಮ್ಮ ಮಕ್ಕಳು ಇಂಗ್ಲಿಷ್ ಓದುತ್ತಾರೆ, ಮರಾಠಿ ಓದುತ್ತಾರೆ, ಹಿಂದಿ ಓದುತ್ತಾರೆ. ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಒಂದು ಕಾಲದಲ್ಲಿ ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಬೆಂಚು ಸಾಲುತ್ತಿರಲಿಲ್ಲ. ಈಗ ಅವುಗಳ ಮಾತು ಎತ್ತಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ಆ ದೊಡ್ಡ ವಿಷಯ ಇನ್ನೊಂದು ದಿನಕ್ಕೆ ಇರಲಿ.

ರಜೆಯಲ್ಲಿ ಕನ್ನಡವನ್ನೇ ಓದಬೇಕು ಎಂದು ನಾನು ಹಟ ಮಾಡುವುದಿಲ್ಲ. ಮರಾಠಿ ಓದಲಿ, ಇಂಗ್ಲಿಷ್ ಓದಲಿ. ಚಿತ್ರಕತೆ ಓದಿದರೆ ಅದು ಓದೇ ಅಲ್ಲ ಎಂದು ಮುಖ ಸಿಂಡರಿಸುವವರು ಇದ್ದಾರೆ. 1967ರಲ್ಲಿ ಅಮರ ಚಿತ್ರಕಥೆಯನ್ನೂ 1980ರಲ್ಲಿ ಟಿಂಕಲ್ ಪತ್ರಿಕೆಯನ್ನೂ ಇದೇ ಮುಂಬಯಿಯಲ್ಲಿ ಶುರು ಮಾಡಿದ ಅನಂತ ಪೈ ಅವರು ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. ಎಷ್ಟು ಮಕ್ಕಳು ಅದರಿಂದಲೇ ಓದು ಹಿಡಿದರು! ನಮ್ಮ ಕಟ್ಟಡದ ಒಬ್ಬ ಹುಡುಗ ಕತೆ ಪುಸ್ತಕ ಮುಟ್ಟುತ್ತಲೇ ಇರಲಿಲ್ಲ. ಅವನಿಗೆ ಕ್ರಿಕೆಟ್ ಹುಚ್ಚು. ಹಳೆಯ ಪತ್ರಿಕೆಗಳ ಆಟದ ಪುಟಗಳನ್ನು ನಾನು ಸುಮ್ನೆ ಒಂದು ಫೈಲಿನಲ್ಲಿ ಹಾಕಿಟ್ಟೆ. ಏಳು ದಿನದಲ್ಲಿ ಫೈಲು ಖಾಲಿ ಆಯಿತು. ಎಂಟನೇ ದಿನ ಬಂದು "ಇನ್ನು ಇಲ್ವಾ?" ಎಂದು ಕೇಳಿದ.

ಕನ್ನಡ ಕಲಿಸುವ ಆಸೆ ಇರುವವರಿಗೆ ಒಂದು ಮಾತು. ಮಹಾರಾಷ್ಟ್ರದಲ್ಲಿ ಓದುವ ಮಗುವಿಗೆ ಕನ್ನಡ ಅಕ್ಷರ ಅಷ್ಟು ಕಷ್ಟ ಅಲ್ಲ. ಶಾಲೆಯಲ್ಲಿ ಅವರು ಬಾರಾಖಡಿ ಕಲಿತಿರುತ್ತಾರೆ. ನಮ್ಮ ಕಾಗುಣಿತವೂ ಅದೇ. ಕ, ಖ, ಗ, ಘ ಅದೇ ಸಾಲು, ಅದೇ ಕ್ರಮ. ಬದಲಾಗುವುದು ಆಕಾರ ಮಾತ್ರ. ನಾನು ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಮರಾಠಿ ಅಕ್ಷರ ಬರೆದು, ಕೆಳಗೆ ಕನ್ನಡದ್ದು ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದೆ. ಮೊಮ್ಮಗಳು ದೋಸೆಗೆ ಕಾಯುತ್ತಾ ಕಾಯುತ್ತಾ ಹತ್ತು ದಿನದಲ್ಲಿ ಮುಕ್ಕಾಲು ಪಾಲು ಕಲಿತಳು. ತೊಡಕು ಆಗುವುದು ಎ ಮತ್ತು ಏ, ಒ ಮತ್ತು ಓ ಬಂದಾಗ. ಮರಾಠಿಯಲ್ಲಿ ಅವೆರಡಕ್ಕೂ ಒಂದೊಂದೇ ಅಕ್ಷರ. ಹಾಗಾಗಿ "ಕೆರೆಯಲ್ಲಿ ಮಕ್ಕಳು ಈಜಿದರು" ಎಂಬುದನ್ನು ಅವಳು "ಕೇರೆಯಲ್ಲಿ" ಎಂದು ಓದಿದಳು. ಕೇರೆ ಅಂದರೆ ಹಾವು ಎಂದು ನನ್ನ ಹೆಂಡತಿ ಹೇಳಿದಾಗ ಅವಳು ಚಾಪೆಯ ಮೇಲೆ ಉರುಳಾಡಿ ನಕ್ಕಳು. ಆವತ್ತಿನಿಂದ ಆ ಎರಡು ಅಕ್ಷರ ಅವಳಿಗೆ ತಪ್ಪಿಲ್ಲ.

ಇನ್ನು ಓದಿ ಹೇಳುವುದು. ಇದನ್ನು ನಾವು ಮಗು ಅಕ್ಷರ ಕಲಿತ ಕೂಡಲೇ ನಿಲ್ಲಿಸಿಬಿಡುತ್ತೇವೆ, ಅಲ್ವಾ? ನಿಲ್ಲಿಸಬಾರದು. ಕಣ್ಣು ಒಂದು ಸಾಲು ಓದುವಷ್ಟರಲ್ಲಿ ಕಿವಿ ಹತ್ತು ಸಾಲು ಕುಡಿಯುತ್ತದೆ. ನಮ್ಮ ಮನೆಯಲ್ಲಿ ಮಧ್ಯಾಹ್ನ ಊಟ ಆಗಿ, ಮಾವಿನಹಣ್ಣು ತಿಂದ ಕೈ ತೊಳೆದು, ಫ್ಯಾನ್ ಕೆಳಗೆ ಚಾಪೆ ಹಾಸಿದ ಮೇಲೆ 15 ನಿಮಿಷ ನಾನು ಗಟ್ಟಿಯಾಗಿ ಓದುತ್ತೇನೆ. ಬೆರಳು ಸಾಲಿನ ಕೆಳಗೆ ಓಡುತ್ತದೆ. ಐದು ವರ್ಷದ ಮೊಮ್ಮಗನಿಗೆ ಇನ್ನೂ ಅಕ್ಷರ ಬರುವುದಿಲ್ಲ. ಅವನು ಚಿತ್ರ ನೋಡಿ ತನ್ನದೇ ಕತೆ ಹೇಳುತ್ತಾನೆ. ಪುಸ್ತಕದಲ್ಲಿ ಇಲ್ಲದ ಲೋಕಲ್ ರೈಲು, ಪಾನಿಪುರಿ ಎಲ್ಲ ಅದರಲ್ಲಿ ಬರುತ್ತವೆ. ನಾನು ತಿದ್ದುವುದಿಲ್ಲ. ನನ್ನ ಎಂಟನೇ ಕಂತನ್ನೂ ಯಾರೂ ತಿದ್ದಿರಲಿಲ್ಲ.

ಈಗ ಟ್ರಂಕಿನ ವಿಷಯಕ್ಕೆ ಬರುತ್ತೇನೆ. 1968ರಲ್ಲಿ ಊರಿನಿಂದ ಬರುವಾಗ ನಾನು ತಂದ ತಗಡಿನ ಟ್ರಂಕು ಇನ್ನೂ ಇದೆ. ಕಳೆದ ವರ್ಷದ ರಜೆಯಲ್ಲಿ ಅದನ್ನು ಅಟ್ಟದಿಂದ ಇಳಿಸಿ, ತುಕ್ಕು ಉಜ್ಜಿ, ನಮ್ಮ ಸೊಸೈಟಿಯ ಕೆಳಗೆ ವಾಚ್‌ಮನ್ ಕುರ್ಚಿಯ ಪಕ್ಕ ಇಟ್ಟೆ. ಅದರಲ್ಲಿ 46 ಪುಸ್ತಕ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ಕಲಸಿ. ಅರ್ಧಕ್ಕರ್ಧ ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತಂದದ್ದು. ಉಳಿದದ್ದರಲ್ಲಿ ಕೆಲವು ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು. ಬೆಲೆ ಕಮ್ಮಿ, ಚಿತ್ರ ಚೆನ್ನಾಗಿರುತ್ತವೆ, ಒಂದೇ ಪುಸ್ತಕ ಕನ್ನಡದಲ್ಲೂ ಮರಾಠಿಯಲ್ಲೂ ಸಿಗುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಮಕ್ಕಳು ತಾವೇ ಹೊಂದಿಸಿ ಓದುತ್ತಾರೆ.

ಸಂಜೆ 4ರಿಂದ 5ರ ತನಕ ಟ್ರಂಕು ತೆರೆದಿರುತ್ತದೆ. ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು. ಅರ್ಧ ಓದಿ ವಾಪಸು ಕೊಡಬಹುದು. ಇಷ್ಟ ಆಗಲಿಲ್ಲ ಎಂದು ಎರಡೇ ಪುಟಕ್ಕೆ ತಂದಿಟ್ಟರೂ ಸರಿ. ಒಂದೇ ಪುಸ್ತಕವನ್ನು ನಾಲ್ಕು ಸಲ ಒಯ್ದ ಹುಡುಗಿ ಇದ್ದಾಳೆ. ಅವಳ ತಾಯಿ ಬಂದು, "ಬೇರೆ ಕೊಡಿ ಕಾಕಾ, ಅದನ್ನು ಅವಳು ಬಾಯಿಪಾಠ ಮಾಡಿದ್ದಾಳೆ" ಎಂದರು. ನಾನು ಕೊಡಲಿಲ್ಲ. ಐದನೇ ಸಲವೂ ಅವಳು ಅದನ್ನೇ ಕೇಳಿದರೆ ಅದನ್ನೇ ಕೊಡುತ್ತೇನೆ. ನಮ್ಮ ವಾಚ್‌ಮನ್ ಉತ್ತರ ಪ್ರದೇಶದವರು. ಅವರ ಮಗ ರಜೆಗೆ ಇಲ್ಲಿಗೆ ಬಂದಿದ್ದ. ಮೊದಲ ವಾರ ಟ್ರಂಕಿನ ಹತ್ತಿರ ಬರಲೇ ಇಲ್ಲ, ಇದು ಬಿಲ್ಡಿಂಗ್ ಮಕ್ಕಳದ್ದು ಎಂದುಕೊಂಡಿದ್ದ. ಒಂದು ದಿನ ಬೀಗದ ಕೈಯನ್ನೇ ಅವನ ಹತ್ತಿರ ಕೊಟ್ಟೆ. ಆಮೇಲೆ ಟ್ರಂಕಿನ ಯಜಮಾನ ಅವನೇ. ಯಾವ ಪುಸ್ತಕ ಯಾರ ಮನೆಯಲ್ಲಿ ಇದೆ ಎಂದು ಅವನಿಗೆ ಬಾಯಲ್ಲೇ ಲೆಕ್ಕ. ರಜೆ ಮುಗಿದಾಗ 46ರಲ್ಲಿ 41 ವಾಪಸು ಬಂದವು. ಐದು ಬರಲಿಲ್ಲ. ಆ ಐದು ಪುಸ್ತಕ ಯಾವುದೋ ಮಗುವಿನ ದಿಂಬಿನ ಕೆಳಗೆ ಇದ್ದರೆ ನನಗೆ ಸಂತೋಷವೇ.

ಊರಿಗೆ ಹೋಗುವವರಿಗೆ ಎರಡು ಮಾತು. ನಾವು ಮತ್ಸ್ಯಗಂಧ ರೈಲಿಗೆ ಠಾಣೆಯಲ್ಲಿ ಹತ್ತುತ್ತೇವೆ. ಮಹಾರಾಷ್ಟ್ರ ದಾಟುವ ತನಕ ಸ್ಟೇಷನ್ ಬೋರ್ಡುಗಳನ್ನು ಮಕ್ಕಳು ಆರಾಮಾಗಿ ಓದುತ್ತಾರೆ. ಗೋವಾ ದಾಟಿ ಕಾರವಾರ ಬಂದರೆ ಬೋರ್ಡಿನಲ್ಲಿ ಕನ್ನಡ ಶುರು. ಹೋದ ವರ್ಷ ಮೊಮ್ಮಗಳು, "ನನ್ನನ್ನು ಎಬ್ಬಿಸು ಅಜ್ಜ" ಎಂದು ಹೇಳಿಯೇ ಮಲಗಿದ್ದಳು. ಬೆಳಗಿನ ಜಾವ ಸ್ಟೇಷನ್ ದೀಪದ ಬೆಳಕಿನಲ್ಲಿ ಮೊದಲು "ಭಟ್ಕಳ" ಓದಿದಳು. ಅದು ಸುಲಭ. ಆಮೇಲೆ ಬಂತು "ಮೂಕಾಂಬಿಕಾ ರೋಡ್ ಬೈಂದೂರು". ಕಿಟಕಿಯ ಸರಳಿಗೆ ಮುಖ ಒತ್ತಿ, ಮೂ, ಕಾಂ, ಬಿ, ಕಾ ಎಂದು ಒಂದೊಂದೇ ಹಿಡಿಯುತ್ತಾ ಹೋದಳು. ಬೈಂದೂರಿನ ಬೈ ಮುಟ್ಟುವಷ್ಟರಲ್ಲಿ ರೈಲು ಹೊರಟಿತು. "ನಿಲ್ಲಿಸಲಿಕ್ಕೆ ಹೇಳಿ" ಎಂದು ಅತ್ತೇಬಿಟ್ಟಳು. ಎದುರು ಸೀಟಿನಲ್ಲಿ ಇದ್ದ ಒಬ್ಬ ಹೆಂಗಸು ತನ್ನ ಚೀಲದಿಂದ ಒಂದು ಮದುವೆ ಕಾಗದ ತೆಗೆದು ಅವಳ ಕೈಗೆ ಕೊಟ್ಟರು. ಕುಂದಾಪುರ ಬರುವ ತನಕ ಅವಳು ಅದನ್ನೇ ಓದುತ್ತಾ ಕೂತಳು. ಮದುಮಗಳ ಸೋದರಮಾವನ ಹೆಸರಿನ ತನಕ ಬಿಡಲಿಲ್ಲ.

ಊರಿನಲ್ಲಿ ಮಗುವಿಗೆ ಬೇಜಾರು ಬಂದರೆ ಕೈಗೆ ಮೊಬೈಲ್ ಕೊಡುವ ಮೊದಲು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ. ಈಗ ಅದಕ್ಕೆ ಅರಿವು ಕೇಂದ್ರ ಎಂದು ಹೆಸರು. 2020ರಲ್ಲಿ "ಓದುವ ಬೆಳಕು" ಎಂಬ ಕಾರ್ಯಕ್ರಮ ಶುರುವಾದ ಮೇಲೆ ಊರಿನ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ನಮ್ಮ ಮಕ್ಕಳು ಕೂತು ಓದಿದರೆ ಯಾರೂ ಬೇಡ ಎನ್ನುವುದಿಲ್ಲ. ಊರಿನ ಮಕ್ಕಳ ಜೊತೆ ಹೋದರೆ ಇನ್ನೂ ಒಳ್ಳೆಯದು. ಊರಿಗೆ ಹೋಗದೆ ಮಹಾಬಳೇಶ್ವರ, ಪಂಚಗಣಿಯ ಕಡೆ ತಿರುಗಾಡಲು ಹೋಗುವವರು ದಾರಿಯಲ್ಲಿ ಭಿಲಾರ್ ಎಂಬ ಹಳ್ಳಿಯಲ್ಲಿ ಅರ್ಧ ದಿನ ನಿಲ್ಲಿ. ಸ್ಟ್ರಾಬೆರಿ ಬೆಳೆಯುವ ಊರು. 2017ರ ಮೇ ತಿಂಗಳಿನಿಂದ ಅದು ಪುಸ್ತಕಗಳ ಊರೂ ಆಗಿದೆ. ಜನರ ಮನೆಗಳಲ್ಲೇ ಪುಸ್ತಕ ಜೋಡಿಸಿಟ್ಟಿದ್ದಾರೆ. ಯಾರದ್ದೋ ಮನೆಯ ಜಗಲಿಯಲ್ಲಿ ಕೂತು ಓದಬಹುದು. ಮರಾಠಿ ಪುಸ್ತಕಗಳು ಜಾಸ್ತಿ, ಆದರೆ ನಮ್ಮ ಮಕ್ಕಳಿಗೆ ಮರಾಠಿ ಬರುತ್ತದಲ್ಲ. ಮೊಬೈಲ್ ಕೊಡಲೇಬೇಕಾದರೆ ಸ್ಟೋರಿವೀವರ್ ತೆರೆದು ಕೊಡಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಮಾಡಿದ್ದು. ಕನ್ನಡ ಕತೆಗಳು ಬೇಕಾದಷ್ಟಿವೆ, ದುಡ್ಡಿಲ್ಲ. ನನ್ನ ಸೊಸೆ ಕೆಲವನ್ನು ಪ್ರಿಂಟ್ ಮಾಡಿ ಹೊಲಿದು ಟ್ರಂಕಿಗೆ ಹಾಕಿದ್ದಾಳೆ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಬೇಸರ ತಂದ ಎರಡು ವಿಷಯ ಹೇಳಲೇಬೇಕು. ಯಾರ ಹೆಸರನ್ನೂ ಎತ್ತುವುದಿಲ್ಲ. ಒಂದು ಶಾಲೆ ನನ್ನ ಮೊಮ್ಮಗಳಿಗೆ ಹೋದ ರಜೆಯಲ್ಲಿ ದಿನಕ್ಕೊಂದು ಪುಟ ಕಾಪಿ ಬರೆಯುವ ಹೋಮ್‌ವರ್ಕ್ ಕೊಟ್ಟಿತ್ತು. 40 ಪುಟ. ಪಾಠಪುಸ್ತಕವನ್ನು ನೋಡಿ ನೋಡಿ ಬರೆಯುವುದು. ರಜೆಯ ಕೊನೆಯ ನಾಲ್ಕು ದಿನ ಮನೆಮಂದಿಯೆಲ್ಲ ಕೂತು ಬರೆಸಿದೆವು. ಮಗು ಅತ್ತಿತು. ಆ ನಾಲ್ಕು ದಿನ ಟ್ರಂಕಿನ ಕಡೆ ತಿರುಗಿಯೂ ನೋಡಲಿಲ್ಲ. ಶಿಕ್ಷಕರೇ, ಆ 40 ಪುಟಗಳ ಬದಲು ಶಾಲೆಯ ಲೈಬ್ರರಿಯಿಂದ ನಾಲ್ಕು ಪುಸ್ತಕ ಮನೆಗೆ ಕಳುಹಿಸಿ. ಕಳೆದುಹೋದರೆ ದುಡ್ಡು ನಾವು ಕಟ್ಟುತ್ತೇವೆ. ಮಹಾರಾಷ್ಟ್ರದಲ್ಲಿ 2015ರಿಂದ ಅಕ್ಟೋಬರ್ 15ನ್ನು, ಅಬ್ದುಲ್ ಕಲಾಂ ಅವರ ಹುಟ್ಟುಹಬ್ಬವನ್ನು, ಓದಿನ ದಿನವಾಗಿ ಆಚರಿಸುತ್ತಾರೆ. ಬಹಳ ಒಳ್ಳೆಯದು. ಆದರೆ ಮಕ್ಕಳಿಗೆ ಓದಲು ಪುರುಸೊತ್ತು ಇರುವುದು ಮೇ ತಿಂಗಳಲ್ಲಿ. ಶಾಲೆಯ ಲೈಬ್ರರಿಗೆ ಬೀಗ ಬೀಳುವುದೂ ಅದೇ ತಿಂಗಳಲ್ಲಿ.

ಇನ್ನೊಂದು ನಮ್ಮದೇ ಮನೆಯ ಮಾತು. ಮುಂಬಯಿ ಮತ್ತು ಸುತ್ತಮುತ್ತ ನಮ್ಮ ಕನ್ನಡ ಸಂಘಗಳು ಎಷ್ಟಿವೆ! ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲೇ ಶುರುವಾದದ್ದು. ಹಿರಿಯರು ಹೊಟ್ಟೆ ಬಟ್ಟೆ ಕಟ್ಟಿ ಸಂಘ ಕಟ್ಟಿದರು, ಪುಸ್ತಕ ಕೂಡಿಟ್ಟರು. ನಾನು ಎರಡು ವರ್ಷದ ಹಿಂದೆ ಒಂದು ಸಂಘಕ್ಕೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಗಾಜಿನ ಕಪಾಟಿನ ಒಳಗೆ ಮಕ್ಕಳ ಪುಸ್ತಕಗಳು ಕಾಣುತ್ತಿದ್ದವು. ಮಗು ಗಾಜಿಗೆ ಬೆರಳಿಟ್ಟು "ಅದು ಬೇಕು" ಎಂದಿತು. ಕಪಾಟಿಗೆ ಬೀಗ. ಕೀಲಿ ಇರುವವರು ರಜೆಗೆ ಊರಿಗೆ ಹೋಗಿದ್ದರು, ಜೂನ್‌ನಲ್ಲಿ ಬರುತ್ತಾರೆ ಎಂದರು. ಅವರ ತಪ್ಪು ಎಂದು ನಾನು ಹೇಳುತ್ತಿಲ್ಲ. ಅವರೂ ಸಂಬಳ ಇಲ್ಲದೆ ಸಂಘಕ್ಕೆ ದುಡಿಯುವವರು. ಆದರೆ ಗಾಜಿನ ಮೇಲೆ ಆ ಮಗುವಿನ ಬೆರಳಿನ ಗುರುತು ಉಳಿದದ್ದು ಇನ್ನೂ ನನ್ನ ಕಣ್ಣ ಮುಂದೆ ಇದೆ. ಟ್ರಂಕು ಇಳಿಸಬೇಕು ಎಂದು ನಾನು ನಿಶ್ಚಯ ಮಾಡಿದ್ದು ಆವತ್ತೇ.

ಸಂಘಗಳ ಪದಾಧಿಕಾರಿಗಳಲ್ಲಿ ಕೈಮುಗಿದು ಕೇಳುತ್ತೇನೆ. ಮೇ ಮೊದಲ ವಾರದಿಂದ ಜೂನ್ 15ರ ತನಕ, ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ ಮಕ್ಕಳ ಕಪಾಟು ತೆರೆದಿಡಿ. ಕೀಲಿ ಹಿಡಿದು ಕೂರಲು ಜನ ಬೇಕಾದರೆ ನನ್ನಂಥ ನಿವೃತ್ತರು ಪ್ರತಿ ಉಪನಗರದಲ್ಲೂ ಇದ್ದಾರೆ. ಕೇಳಿದರೆ ಓಡಿ ಬರುತ್ತಾರೆ. ಭಾಷಣ ಬೇಡ, ಉದ್ಘಾಟನೆ ಬೇಡ, ಶಾಲು ಬೇಡ. ಒಂದು ಚಾಪೆ ಸಾಕು.

ಸಂಪಾದಕರೇ, ನಿಮ್ಮಲ್ಲಿಯೂ ಒಂದು ಬೇಡಿಕೆ. ಈ ಆರು ವಾರ, ವಾರಕ್ಕೊಂದು ದಿನ, ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟವನ್ನು ಏಳೆಂಟು ವರ್ಷದ ಮಕ್ಕಳಿಗೆ ಬಿಟ್ಟುಕೊಡಿ. ಅಕ್ಷರ ದೊಡ್ಡದಾಗಿರಲಿ, ಹೊಸದಾಗಿ ಕಲಿತವರಿಗೆ ಒತ್ತಕ್ಷರ ಬಿಡಿಸಿ ಕಾಣುವಷ್ಟು ದೊಡ್ಡದು. ಸಾಲುಗಳು ಚಿಕ್ಕದಾಗಿರಲಿ. ಕತೆಯ ಕೆಳಗೆ ಪ್ರಶ್ನೆ ಬೇಡ, ನೀತಿ ಬೇಡ. ಸಾಧ್ಯವಾದರೆ ಕತೆ ಕಂತಿನಲ್ಲಿ ಬರಲಿ, ಮಕ್ಕಳು ಮುಂದಿನ ವಾರಕ್ಕೆ ಕಾಯಲಿ. ಆ ಪುಟವನ್ನು ಕತ್ತರಿಸಿ ಟ್ರಂಕಿಗೆ ಹಾಕುವ ಕೆಲಸ ನನ್ನದು. ಈ ಸಲ ಒಂದು ಕಂತೂ ತಪ್ಪದ ಹಾಗೆ ನೋಡಿಕೊಳ್ಳುತ್ತೇನೆ.

ಓದುಗರಲ್ಲಿ ಯಾರ ಮನೆಯಲ್ಲಾದರೂ ಮಕ್ಕಳು ದೊಡ್ಡವರಾಗಿ ಪುಸ್ತಕ ಮೂಲೆಗೆ ಬಿದ್ದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಿಮ್ಮ ಕಟ್ಟಡದ ಕೆಳಗೇ ಒಂದು ಪೆಟ್ಟಿಗೆ ಇಡಿ. ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯಾದರೂ ಆದೀತು. ನಮ್ಮ ಟ್ರಂಕಿಗೆ ಈ ವರ್ಷ ಹಸಿರು ಬಣ್ಣ ಹೊಡೆದಿದ್ದೇವೆ. ಬಣ್ಣ ಒಣಗಿದೆ. ವಾಚ್‌ಮನ್ ಮಗ ಮುಂದಿನ ವಾರ ಬರುತ್ತಾನಂತೆ, ಕೀಲಿ ತೆಗೆದಿಟ್ಟಿದ್ದೇನೆ.

ಇಂತಿ ನಿಮ್ಮ ಬಹಳ ವರ್ಷದ ಓದುಗ,
ಡೊಂಬಿವಲಿ ಪೂರ್ವ